ಕೋರಂಗೆ ಇಬ್ಬರು

ಜುಲೈ 8, ಸೋಮವಾರ

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬ್ಯಾಂಕಿನಲ್ಲಿ ಕೂತು ಬರಿಗೈಯಲ್ಲಿ ಬಂದೆ. ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಒಳ್ಳೆಯವನು. ನೀರು ತರಿಸಿ ಕೊಟ್ಟ. ಜಯಸಿಂಹ ಅವರು ತೀರಿಕೊಂಡದ್ದು ಕೇಳಿ ಬೇಜಾರಾಯಿತು ಎಂದ. ಆಮೇಲೆ ಆಗುವುದಿಲ್ಲ ಎಂದ.

"ಮೇಡಂ, ಅಕೌಂಟು ಸಾರ್‌ದಲ್ಲ, ಕಂಪನೀದು. ಚೆಕ್ಕಿಗೆ ಸೈನ್ ಹಾಕೋ ಅಧಿಕಾರ ಸಾರ್‌ಗೆ ಮಾತ್ರ ಇತ್ತು. ನಿಮಗೆ ಕೊಡ್ಬೇಕಂದ್ರೆ ಬೋರ್ಡ್ ಮೀಟಿಂಗ್‌ನಲ್ಲಿ ನಿರ್ಣಯ ಆಗ್ಬೇಕು. ಅದ್ರ ಕಾಪಿ ತನ್ನಿ."

"ನಾನು ಅವರ ಹೆಂಡತಿ ಕಣಪ್ಪಾ."

"ಗೊತ್ತು ಮೇಡಂ. ಆದ್ರೆ ಕಂಪನಿಗೆ ಹೆಂಡತಿ ಅಂತ ಯಾರೂ ಇರಲ್ಲ."

ಚುಚ್ಚಬೇಕೆಂದು ಅಂದದ್ದಲ್ಲ, ಇದ್ದದ್ದನ್ನು ಹೇಳಿದ. ಆದರೂ ಸಹಕಾರನಗರ ಬರುವವರೆಗೆ ಬಸ್ಸಿನಲ್ಲಿ ಅದೇ ಮಾತು ತಲೆಯೊಳಗೆ ತಿರುಗುತ್ತಿತ್ತು.

ನನಗೆ ಬರೆಯುವ ಅಭ್ಯಾಸವಿಲ್ಲ. ಆದರೆ ಸಂಜೆ ಇಷ್ಟನ್ನು ಯಾರಿಗಾದರೂ ಹೇಳಬೇಕೆನ್ನಿಸಿತು, ಹೇಳಲು ಮನೆಯಲ್ಲಿ ಯಾರೂ ಇಲ್ಲ. ಇಷ್ಟು ವರ್ಷ ಊಟದ ಹೊತ್ತಿಗೆ ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಅರ್ಧ ಕಿವಿ ಟೀವಿಯ ಕಡೆಗೂ ಇರುತ್ತಿತ್ತು.

ಗೊರಗುಂಟೆಪಾಳ್ಯದ ಹಿಂದಿನ ರಸ್ತೆಯಲ್ಲಿ ಅವರ ಶೆಡ್ಡು. ಕುಕ್ಕರಿನ ಮುಚ್ಚಳದೊಳಗೆ ಕೂರುವ ರಬ್ಬರ್ ಉಂಗುರ, ಗ್ಯಾಸ್ಕೆಟ್, ಅದನ್ನು ಮಾಡುವ ಕಂಪನಿ. ನಾಗಸಿಂಹ ರಬ್ಬರ್ ಪ್ರೈವೇಟ್ ಲಿಮಿಟೆಡ್. ನಾಗಮಣಿ ಎಂಬ ನನ್ನ ಹೆಸರಿನ ನಾಗ ಮೊದಲು ಬರಲಿ ಎಂದು ಅವರೇ ಇಟ್ಟ ಹೆಸರು. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಡೈರೆಕ್ಟರುಗಳು ಇಬ್ಬರು, ಅವರು ಮತ್ತು ನಾನು. ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟ ಕಡೆ ಸಹಿ ಹಾಕುವುದು ನನ್ನ ಕೆಲಸವಾಗಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಶೇವ್ ಮಾಡಿಕೊಳ್ಳುತ್ತಾ ಕುಸಿದರು. ಹೆಬ್ಬಾಳದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಶೆಡ್ಡಿನಲ್ಲಿ ಜೂನ್ ತಿಂಗಳ ಸಂಬಳ ಇನ್ನೂ ಯಾರಿಗೂ ಆಗಿಲ್ಲ.

ಜುಲೈ 10, ಬುಧವಾರ

ಕಂಪನಿಯ ಲೆಕ್ಕಪತ್ರ ನೋಡುವ ಶುಭಾ ಯಲಹಂಕದಿಂದ ತಾನೇ ಬಂದಳು. ಅವಳು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಕಂಪನಿ ಎನ್ನುವುದು ಕಾನೂನಿನ ಕಣ್ಣಿಗೆ ಒಬ್ಬ ಮನುಷ್ಯನಿದ್ದ ಹಾಗಂತೆ. ಅದಕ್ಕೆ ಅದರದೇ ಹೆಸರು, ಅದರದೇ ಜಾಗ, ಅದರದೇ ಸಾಲ. "ಆದ್ರೆ ಅದಕ್ಕೆ ಸಾವಿಲ್ಲ ಮೇಡಂ. ಡೈರೆಕ್ಟರ್ ಹೋಗ್ತಾರೆ, ಷೇರುದಾರರು ಹೋಗ್ತಾರೆ, ಕಂಪನಿ ಮಾತ್ರ ನಾವಾಗಿ ಮುಚ್ಚೋವರೆಗೂ ಇರುತ್ತೆ," ಎಂದಳು. ಸಮಾಧಾನ ಮಾಡಲೆಂದೇ ಹೇಳಿದಳೇನೋ. ಅವರಿಲ್ಲದೆ ಅದು ಮಾತ್ರ ಇದೆ ಎನ್ನುವುದು ನನಗೆ ಅನ್ಯಾಯವೆನ್ನಿಸಿತು.

ಪ್ರೈವೇಟ್ ಲಿಮಿಟೆಡ್ ಎಂದರೆ ಕಡೇಪಕ್ಷ ಇಬ್ಬರು ಡೈರೆಕ್ಟರು, ಇಬ್ಬರು ಷೇರುದಾರರು ಇರಲೇಬೇಕು. ಬೋರ್ಡ್ ಮೀಟಿಂಗಿಗೂ ಇಬ್ಬರು ಬೇಕು. ಅದಕ್ಕೆ ಕೋರಂ ಅನ್ನುತ್ತಾರೆ.

"ನಾನೊಬ್ಬಳೇ ಕೂತು ಮೀಟಿಂಗ್ ಮಾಡಿದ್ರೆ?"

"ಅದು ಮೀಟಿಂಗ್ ಆಗಲ್ಲ ಮೇಡಂ."

"ಮತ್ತೇನಾಗುತ್ತೆ?"

"ಒಬ್ಬರೇ ಕೂತಿರೋದು ಆಗುತ್ತೆ, ಅಷ್ಟೇ."

ಹೇಳಿದ ಮೇಲೆ ಅವಳಿಗೇ ಹೇಗೋ ಆಗಿ, ಬ್ಯಾಗಿನೊಳಗೆ ಏನೋ ಹುಡುಕತೊಡಗಿದಳು. ನಾನು ಕಾಫಿ ತರಲು ಎದ್ದೆ.

ಹಾಗಾದರೆ ನನ್ನೊಬ್ಬಳಿಂದ ಏನೂ ಆಗುವುದಿಲ್ಲವೇ ಎಂದು ಕೇಳಿದೆ. ಒಂದು ಆಗುತ್ತದಂತೆ. "ಉಳಿದಿರೋ ಡೈರೆಕ್ಟರು ಕೋರಂ ತುಂಬೋಕೆ ಇನ್ನೊಬ್ಬರನ್ನ ಸೇರಿಸ್ಕೋಬಹುದು. ಷೇರುದಾರರ ಸಭೆ ಕರೀಬಹುದು ಅಂತಾನೂ ಇದೆ, ಆದ್ರೆ ಆ ಸಭೆಗೂ ಇಬ್ಬರು ಬೇಕು. ಹಂಗಾಗಿ ನಿಮ್ಮ ಕೈಲಿರೋದು ಒಂದೇ. ಇನ್ನೊಬ್ಬರನ್ನ ಕರೆಯೋದು. ಬೇರೆ ಯಾವ್ದಕ್ಕೂ ಕಾನೂನು ಒಪ್ಪಲ್ಲ." ಕಾಫಿ ಮುಗಿಸಿ, "ನಿಮ್ಮ ಕಡೆ ಯಾರಿದ್ದಾರೆ ಮೇಡಂ?" ಎಂದಳು.

ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದಕ್ಕೆ ಏನಿತ್ತು? ನಮಗೆ ಮಕ್ಕಳಿಲ್ಲ. ಇರುವವನು ಅವರ ತಮ್ಮ ಗುರುಚರಣ್ ಒಬ್ಬ.

ಜುಲೈ 14, ಭಾನುವಾರ

ಎದುರುಮನೆಯ ಕೃಷ್ಣಮ್ಮನವರು ಗೇಟಿನಾಚೆಯಿಂದಲೇ "ಊಟ ಆಯ್ತಾ?" ಎಂದರು. ಆಯಿತು ಎಂದೆ. ಇಡೀ ದಿನ ನಾನು ಆಡಿದ ಮಾತು ಅದೊಂದೇ. ಅದೂ ಸುಳ್ಳು.

ಜುಲೈ 16, ಮಂಗಳವಾರ

ಹೆಬ್ಬಾಳಕ್ಕೆ ಹೋಗಿ ರಿಂಗ್ ರೋಡಿನ ಬಸ್ಸು ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿದೆ. ಆಯುಧಪೂಜೆಗೆ ಬಿಟ್ಟರೆ ನಾನು ಶೆಡ್ಡಿಗೆ ಹೋದವಳಲ್ಲ. ಹೋದರೂ ಕಾರಿನಲ್ಲಿ, ರೇಷ್ಮೆ ಸೀರೆಯಲ್ಲಿ. ಇವತ್ತು ಎರಡು ತಿರುವು ತಪ್ಪಿ, ಕೊನೆಗೆ ಬಿಸಿ ರಬ್ಬರಿನ ವಾಸನೆ ಹಿಡಿದು ಹೋದೆ. ಅದು ಅವರ ಅಂಗಿಗಳ ವಾಸನೆ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ನನ್ನನ್ನು ಕಂಡು, ರಬ್ಬರನ್ನು ಅಚ್ಚಿನಲ್ಲಿ ಒತ್ತುವ ಪ್ರೆಸ್ ನಿಲ್ಲಿಸಿದರು. ಇರುವ ಎರಡರಲ್ಲಿ ಒಂದು ಮೊದಲೇ ಕೆಟ್ಟು ನಿಂತಿದೆ. ಎಲ್ಲರೂ ಎದ್ದು ನಿಂತರು. ಫಖ್ರುನ್ನೀಸಾ ಕುರ್ಚಿ ಎಳೆದು ಕೊಟ್ಟರು. ಆರ್.ಟಿ. ನಗರದವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಶೆಡ್ಡು ಶುರುವಾದ ವರ್ಷ ಉಂಗುರದ ಅಂಚು ಕತ್ತರಿಸುವ ಕೆಲಸಕ್ಕೆ ಸೇರಿದವರು, ಈಗ ಅವರೇ ಅಲ್ಲಿಯ ಮೇಲ್ವಿಚಾರಕಿ.

ಜೂನ್ ಸಂಬಳ ನನ್ನ ಸ್ವಂತ ದುಡ್ಡಿನಿಂದ ಕೊಟ್ಟೆ. ಅದನ್ನೂ ಸುಮ್ಮನೆ ಕೊಡುವ ಹಾಗಿಲ್ಲವಂತೆ. ನಾಗಮಣಿ ಕಂಪನಿಗೆ ಸಾಲ ಕೊಟ್ಟಳು, ಕಂಪನಿ ಸಂಬಳ ಕೊಟ್ಟಿತು ಎಂದು ಬರೆದಿಡಬೇಕೆಂದು ಶುಭಾ ಹೇಳಿದ್ದಾಳೆ. ಜುಲೈ ತಿಂಗಳದ್ದಕ್ಕೆ ನನ್ನ ಹತ್ತಿರ ಇಲ್ಲ.

ಹೊರಡುವಾಗ ಫಖ್ರುನ್ನೀಸಾ ಗೇಟಿನವರೆಗೆ ಬಂದರು.

"ಮುಚ್ತೀರಾ ಮೇಡಂ?"

"ಗೊತ್ತಿಲ್ಲ."

"ಗೊತ್ತಾದಾಗ ಮೊದಲು ನಮಗೆ ಹೇಳಿ. ಪಕ್ಕದ ಶೆಡ್ಡಿನೋರ ಬಾಯಿಂದ ಕೇಳೋ ಹಂಗೆ ಮಾಡ್ಬೇಡಿ."

ಆಯಿತು ಎಂದೆ.

ಜುಲೈ 21, ಭಾನುವಾರ

ನಿನ್ನೆ ಗುರುಚರಣ್ ಕಾರು ತಂದು, "ಒಬ್ಬರೇ ಏನ್ ಮಾಡ್ತೀರಾ ಅತ್ತಿಗೆ, ನಡೀರಿ," ಎಂದು ಪುಟ್ಟೇನಹಳ್ಳಿಗೆ ಕರೆದುಕೊಂಡು ಹೋದ. ಅವನ ಹೆಂಡತಿ ರಮ್ಯ ಮಹಡಿಯ ಕೋಣೆಯನ್ನು ನನಗೆಂದು ಗುಡಿಸಿ ಒರೆಸಿ ಇಟ್ಟಿದ್ದಳು. ಹೊಸ ದಿಂಬು, ಹೊಸ ಹೊದಿಕೆ. ಕಿಟಕಿ ತೆಗೆದರೆ ಕೆರೆ. ಕೆಳಗೆ ಪಾತ್ರೆಯ ಸದ್ದು, ಮಾತು, ಯಾರೋ ಯಾರನ್ನೋ ಕೂಗುವುದು. ಮಧ್ಯಾಹ್ನ ಮಲಗಿದವಳಿಗೆ ಎಚ್ಚರವಾದಾಗ ಸಂಜೆ. ಅಷ್ಟು ನಿದ್ದೆ ಬಂದು ಎಷ್ಟು ದಿನವಾಗಿತ್ತೋ.

ಊಟಕ್ಕೆ ಕೂತಾಗ ಗುರು ವಿಷಯ ತೆಗೆದ.

"ಎರಡೇ ಕೆಲಸ ಅತ್ತಿಗೆ. ನನ್ನನ್ನ ಡೈರೆಕ್ಟರ್ ಮಾಡಿ, ಆಮೇಲೆ ಮುಚ್ಚಿಬಿಡೋಣ. ಮೆಟ್ರೋ ಬಂದ್ಮೇಲೆ ಆ ಜಾಗಕ್ಕೆ ಎಂಥಾ ರೇಟ್ ಬಂದಿದೆ ಗೊತ್ತಾ? ನೀವು ಇಲ್ಲೇ ಇರಿ, ಆರಾಮಾಗಿ."

"ಜಾಗ ಕಂಪನೀದಲ್ವಾ ಗುರು?"

"ಕಂಪನಿ ಅಂದ್ರೆ ಯಾರು? ನೀವೇ ತಾನೇ?"

ಬ್ಯಾಂಕಿನ ಹುಡುಗ ಹೇಳಿದ್ದು ಬೇರೆ ಥರ ಇತ್ತು. ಆದರೆ ಆ ಊಟದ ಮಧ್ಯೆ ಅದನ್ನು ತೆಗೆಯಲು ಮನಸ್ಸಾಗಲಿಲ್ಲ.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಕಂಪನಿಯ ಕಾಗದಗಳಿಗೆ ಕಂಪ್ಯೂಟರಿನಲ್ಲಿ ಸಹಿ ಹಾಕಲು ಅವರ ಹತ್ತಿರ ಒಂದು ಚಿಕ್ಕ ಟೋಕನ್ ಇತ್ತು. "ಅಣ್ಣನ ಟೋಕನ್ ನಿಮ್ಮ ಹತ್ರಾನೇ ಇದೆಯಲ್ಲ? ಮೇ ತಿಂಗಳಲ್ಲೇ ಅಣ್ಣ ನನ್ನನ್ನ ಸೇರಿಸ್ಕೊಂಡ ಹಾಗೆ ಒಂದು ಕಾಗದ ಮಾಡಿ ಸೈನ್ ಹಾಕಿಬಿಟ್ರೆ ಆಯ್ತು. ಅಲೆದಾಟ ತಪ್ಪುತ್ತೆ. ಎಲ್ಲರೂ ಮಾಡೋದೇ." ನನಗೆ ಮೊಸರು ಬಡಿಸುತ್ತಾ ಹೇಳಿದ. ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಆತುರವಿತ್ತು.

ಏನು ಬೇಕು ಎಂದು ಇಬ್ಬರೂ ಮತ್ತೆ ಮತ್ತೆ ಕೇಳಿದರು. ಫ್ಯಾನು ಬೇಕಾ, ಬಿಸಿನೀರು ಬೇಕಾ, ಇನ್ನೊಂದು ದಿಂಬು ಬೇಕಾ. ನನಗೆ ಏನನ್ನಿಸುತ್ತದೆ ಎಂದು ಕೇಳಲಿಲ್ಲ.

ಇವತ್ತು ಸಂಜೆ ವಾಪಸ್ ಬಂದೆ. ಬೀಗ ತೆಗೆದಾಗ ಮನೆಯೊಳಗಿಂದ ತಣ್ಣನೆ ಗಾಳಿ ಬಂತು. ನಾಳೆಯೇ ಗುರುವಿಗೆ ಹೂಂ ಎಂದುಬಿಡಬೇಕು.

ಜುಲೈ 24, ಬುಧವಾರ

ಟೋಕನ್ ತೆಗೆದುಕೊಂಡು ಮೇಜಿನ ಮೇಲಿಟ್ಟು ನೋಡಿದೆ. ಹೆಬ್ಬೆರಳಿನಷ್ಟಿದೆ. ಶುಭಾಗೆ ಫೋನ್ ಮಾಡಿ, ಹಾಗೆ ಮಾಡಬಹುದೇ ಎಂದು ಕೇಳಿದೆ.

"ಕಾಗದದ ಮೇಲೆ ಮೇ ತಿಂಗಳ ತಾರೀಖು ಹಾಕಬಹುದು ಮೇಡಂ. ಆದ್ರೆ ಟೋಕನ್ ಇವತ್ತಿನ ತಾರೀಖನ್ನೇ ಹೇಳುತ್ತೆ. ಸಾರ್ ಜುಲೈನಲ್ಲಿ ಸೈನ್ ಹಾಕಿದ್ರು ಅಂತಾಗುತ್ತೆ. ಅದು ಅಪರಾಧ. ನಾನಂತೂ ಮಾಡ್ಕೊಡಲ್ಲ."

ಸಾರ್ ಜುಲೈನಲ್ಲಿ ಸೈನ್ ಹಾಕಿದರು. ಅವಳು ಮುಂದೆ ಏನು ಹೇಳಿದಳೋ ಸ್ವಲ್ಪ ಹೊತ್ತು ನನಗೆ ಕೇಳಿಸಲಿಲ್ಲ. ಎಂಥ ವಾಕ್ಯ ಅದು.

ಗುರುಚರಣನನ್ನೇ ಸೇರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಇವತ್ತಿನ ತಾರೀಖಿನಲ್ಲಿ, ಸರಿಯಾದ ದಾರಿಯಲ್ಲಿ ಎಂದಳು. ಜಾಗ ಮಾರಿದರೂ ಮೊದಲು ಕಂಪನಿಯ ಸಾಲ, ಕೆಲಸದವರ ಬಾಕಿ ಎಲ್ಲ ತೀರಿಸಿ, ಉಳಿದದ್ದು ಮಾತ್ರ ಷೇರುದಾರರಿಗೆ. "ಮುಚ್ಚೋದಾದ್ರೂ ನಿರ್ಣಯ ಆಗ್ಬೇಕು ಮೇಡಂ. ಮುಚ್ಚೋಕೂ ಇಬ್ಬರು ಬೇಕು."

ಜುಲೈ 29, ಸೋಮವಾರ

ಮುಚ್ಚುತ್ತೇವೆ ಎಂದು ಹೇಳಲೆಂದೇ ಶೆಡ್ಡಿಗೆ ಹೋದೆ. ಮೊದಲು ನಿಮಗೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ. ಬಸ್ಸಿನಲ್ಲಿ ಎರಡು ಮೂರು ರೀತಿ ಹೇಳಿ ನೋಡಿಕೊಂಡೆ.

ಒಳಗೆ ಹೋದರೆ ಜಗಳ ನಡೆಯುತ್ತಿತ್ತು. ಪ್ರೆಸ್ ನೋಡಿಕೊಳ್ಳುವ ನಜೀರ್ ಒಂದು ರಾಶಿ ಗ್ಯಾಸ್ಕೆಟ್ ಮುಂದಿಟ್ಟುಕೊಂಡು ಇದು ಕಳಿಸಬಹುದು ಅನ್ನುತ್ತಾನೆ. ಫಖ್ರುನ್ನೀಸಾ ಕೂಡದು ಅನ್ನುತ್ತಾರೆ. ಪ್ರೆಸ್ಸಿನ ಸದ್ದಿಗಿಂತ ಅವರಿಬ್ಬರ ಸದ್ದೇ ಜೋರು. ನನ್ನನ್ನು ಕಂಡು ನಜೀರ್ 'ಮುಗಿಯಿತು' ಎನ್ನುವ ಮುಖ ಮಾಡಿದ. ಫಖ್ರುನ್ನೀಸಾ ಮಾತ್ರ ಒಂದು ಉಂಗುರ ಎತ್ತಿ ನನ್ನ ಕೈಗೆ ಕೊಟ್ಟು, "ನೀವ್ ಹೇಳಿ ಮೇಡಂ. ನಿಮಗೇನನ್ಸುತ್ತೆ?" ಎಂದರು.

ಬಗ್ಗಿಸಿ ನೋಡಿದೆ. ಎಳೆದು ನೋಡಿದೆ. ದಿನಾ ಕುಕ್ಕರ್ ಇಡುವವಳಿಗೆ ಅಷ್ಟು ತಿಳಿಯುತ್ತದೆ. "ಇದು ಬೇಗ ಸಡಿಲ ಆಗುತ್ತೆ. ನಾನಾಗಿದ್ರೆ ಅಂಗಡಿಗೆ ವಾಪಸ್ ಕೊಡ್ತಿದ್ದೆ," ಎಂದೆ.

"ನೋಡ್ದಾ?" ಎಂದರು ಫಖ್ರುನ್ನೀಸಾ. ನಜೀರ್ ಗೊಣಗುತ್ತಾ ರಾಶಿಯನ್ನು ಪಕ್ಕಕ್ಕೆ ಎಳೆದ.

ನಾನು ಹೇಳಬೇಕೆಂದಿದ್ದ ಮಾತು ಅಷ್ಟರಲ್ಲಿ ಎಲ್ಲಿಗೆ ಹೋಯಿತೋ. ಊಟದ ಬಿಡುವಿನಲ್ಲಿ ಫಖ್ರುನ್ನೀಸಾ ಅವರನ್ನು ಪಕ್ಕಕ್ಕೆ ಕರೆದು, ಕಂಪನಿಗೆ ಇನ್ನೊಬ್ಬ ಡೈರೆಕ್ಟರ್ ಬೇಕು, ನೀವು ಆಗುತ್ತೀರಾ ಎಂದು ಕೇಳಿದೆ. ಕೇಳುವವರೆಗೆ ಕೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ಸೈನ್ ಹಾಕೋಕೆ ಒಂದು ಕೈ ಬೇಕು, ಅಷ್ಟೇ ಅಲ್ವಾ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಡಂ. ತಪ್ಪಾದ್ರೆ ನನ್ನ ತಲೆಗೂ ಬರುತ್ತೆ. ಓದದೆ ನಾನು ಸೈನ್ ಹಾಕಲ್ಲ. ಓದೋಣ ಅಂದ್ರೆ ಎಲ್ಲಾ ಇಂಗ್ಲಿಷ್."

"ನಾನು ಓದಿ ಹೇಳ್ತೀನಿ."

"ಎಲ್ಲಾನೂ?"

"ಎಲ್ಲಾನೂ."

"ಕೇಳಿ ಆದ್ಮೇಲೂ ಬೇಡ ಅನ್ಸಿದ್ರೆ ಬೇಡ ಅಂತೀನಿ."

"ಅನ್ನಿ."

ಆಗಸ್ಟ್ 2, ಶುಕ್ರವಾರ

ಮೂರು ದಿನದಿಂದ ಊಟದ ಬಿಡುವಿನಲ್ಲಿ ಓದುತ್ತಿದ್ದೇವೆ. ಕಂಪನಿ ಹುಟ್ಟುವಾಗ ಸರ್ಕಾರಕ್ಕೆ ಕೊಟ್ಟ ಎರಡು ಪುಸ್ತಕಗಳಿವೆ. ಯಾತಕ್ಕಾಗಿ ಹುಟ್ಟಿತು ಎಂದು ಒಂದರಲ್ಲಿ, ಹೇಗೆ ನಡೆಯಬೇಕು ಎಂದು ಇನ್ನೊಂದರಲ್ಲಿ. ಎರಡರ ಕೊನೆಯಲ್ಲೂ ನನ್ನ ಸಹಿ ಇದೆ. ಓದುತ್ತಿರುವುದು ಈಗ. ಎಷ್ಟೋ ಕಡೆ ನನಗೂ ಅರ್ಥವಾಗದೆ ಶುಭಾಗೆ ಫೋನ್ ಮಾಡಿ ಕೇಳಬೇಕಾಗುತ್ತದೆ.

"ಲಿಮಿಟೆಡ್ ಅಂದ್ರೆ ಏನು ಮೇಡಂ? ಬೋರ್ಡ್ ಮೇಲೆ ದಿನಾ ನೋಡ್ತೀನಿ."

"ಕಂಪನಿ ಮುಳುಗಿದ್ರೆ ಷೇರಿಗೆ ಹಾಕಿದ ದುಡ್ಡು ಹೋಗುತ್ತೆ. ಷೇರುದಾರರ ಮನೆಗೆ, ಒಡವೆಗೆ ಬರೋ ಹಾಗಿಲ್ಲ."

"ಡೈರೆಕ್ಟರು ಕಳ್ಳ ಕೆಲಸ ಮಾಡಿದ್ರೆ?"

"ಆಗ ಬರುತ್ತೆ."

"ಹಂಗಾದ್ರೆ ಸರಿಯಾಗಿದೆ."

ನಿನ್ನೆ ಫಖ್ರುನ್ನೀಸಾ ಬದನೆಕಾಯಿ ಪಲ್ಯ ತಂದಿದ್ದರು. ಖಾರ ಜಾಸ್ತಿಯಾಯಿತು ಎಂದೆ. "ನಿಮ್ಮ ಸಾರಲ್ಲಿ ಉಪ್ಪು ಇರಲ್ಲ, ನಾನು ಹೇಳಿದ್ನಾ?" ಎಂದರು.

ಆಗಸ್ಟ್ 9, ಶುಕ್ರವಾರ

ಜುಲೈ ಸಂಬಳ ತಡವಾಗುತ್ತದೆ ಎಂದು ಮೊನ್ನೆ ಎಲ್ಲರ ಮುಂದೆ ನಿಂತು ಹೇಳಿದೆ. ಮಾರನೆಯ ದಿನ ಇಬ್ಬರು ಬರಲಿಲ್ಲ. ಪಕ್ಕದ ರಸ್ತೆಯಲ್ಲಿ ಕೆಲಸ ಸಿಕ್ಕಿದೆಯಂತೆ. ತಪ್ಪು ಅವರದಲ್ಲ.

ಫಖ್ರುನ್ನೀಸಾ ಒಪ್ಪಿದ್ದಾರೆ. ಅದನ್ನು ಗುರುವಿಗೆ ನಾನೇ ಫೋನ್ ಮಾಡಿ ತಿಳಿಸಿದೆ.

"ಮನೆಯೋರು ಯಾರೂ ಸಿಗಲಿಲ್ವಾ ಅತ್ತಿಗೆ? ಕೆಲಸದೋರನ್ನ ತಂದು ಅಣ್ಣನ ಜಾಗದಲ್ಲಿ ಕೂರಿಸ್ತೀರಾ?"

"ಅಣ್ಣನ ಜಾಗ ಅಲ್ಲ ಗುರು. ಡೈರೆಕ್ಟರ್ ಜಾಗ."

"ಸರಿ ಬಿಡಿ. ನಿಮ್ಮಿಷ್ಟ."

ಫೋನ್ ಇಟ್ಟ. 'ನಿಮ್ಮಿಷ್ಟ' ಎಂದರೆ ಏನೆಂದು ನನಗೆ ಗೊತ್ತು. ಆ ಮಹಡಿಯ ಕೋಣೆ ನೆನಪಾಯಿತು, ಕಿಟಕಿಯಾಚೆಯ ಕೆರೆ, ರಮ್ಯ ತಂದಿದ್ದ ಹೊಸ ದಿಂಬು. ಪಾತ್ರೆ ತೊಳೆಯುತ್ತಾ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಅತ್ತದ್ದು ಯಾರಿಗೂ ಕೇಳಬಾರದು ಎಂದಿರಬೇಕು. ಕೇಳುವುದಕ್ಕೆ ಯಾರಿದ್ದರು?

ಆಗಸ್ಟ್ 21, ಬುಧವಾರ

ಫಖ್ರುನ್ನೀಸಾ ಅವರ ಹೆಸರು ಆಧಾರ್ ಕಾರ್ಡಿನಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇದೆ. ಡೈರೆಕ್ಟರಿಗೆ ಸರ್ಕಾರ ಕೊಡುವ ನಂಬರು ಬರಬೇಕಾದರೆ ಎಲ್ಲ ಒಂದೇ ಇರಬೇಕು. ಅದನ್ನು ಸರಿಮಾಡಿಸಲು ಇಬ್ಬರೂ ಅಲೆದದ್ದೇ ಅಲೆದದ್ದು.

"ನಾನು ಮೂರು ಹೆಂಗಸರಾಗೋದೆ ಮೇಡಂ," ಎಂದರು ಕ್ಯೂನಲ್ಲಿ ನಿಂತು. "ನೀವು ಮನೆಗೆ ಹೋಗಿ. ಕೋರಂ ನಾನೊಬ್ಳೇ ತುಂಬಿಸ್ತೀನಿ."

ಮುಂದೆ ನಿಂತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಆಮೇಲೆ ಗಾಬರಿಯಾಯಿತು, ನಗುವ ಕಾಲವೇ ಇದು ಎಂದು.

ಇವತ್ತು ನಂಬರು ಬಂತು.

ಆಗಸ್ಟ್ 26, ಸೋಮವಾರ

ಇಬ್ಬರು ಸೇರಿದ ಮೊದಲ ಬೋರ್ಡ್ ಮೀಟಿಂಗ್. ಅಂಚು ಕತ್ತರಿಸುವ ಮೇಜನ್ನೇ ಒರೆಸಿ ಕೂತೆವು. ಒಬ್ಬರು ಅಧ್ಯಕ್ಷರಾಗಬೇಕು ಎಂದು ಶುಭಾ ಹೇಳಿದಳು. "ನೀವೇ ಆಗಿ, ನನಗೆ ಊಟಕ್ಕೆ ಮುಂಚೆ ಎರಡು ಡಬ್ಬ ಮಾಲು ಕಳಿಸ್ಬೇಕು," ಎಂದರು ಫಖ್ರುನ್ನೀಸಾ.

ಚೆಕ್ಕಿಗೆ ಇಬ್ಬರೂ ಸಹಿ ಹಾಕಬೇಕು ಎಂದು ನಿರ್ಣಯವಾಯಿತು. ಯಜಮಾನರ ಷೇರು ನನ್ನ ಹೆಸರಿಗೆ ಬಂತು. ಷೇರುದಾರರೂ ಇಬ್ಬರಾಗಬೇಕಲ್ಲ, ಒಂದಿಷ್ಟನ್ನು ಫಖ್ರುನ್ನೀಸಾ ಅವರಿಗೆ ಕೊಟ್ಟೆ. ಸುಮ್ಮನೆ ಬೇಡ, ದುಡ್ಡು ಕೊಟ್ಟೇ ತಗೋತೀನಿ ಎಂದು ಹಟ ಹಿಡಿದು ಪರ್ಸು ತೆಗೆದರು. ಎಲ್ಲವನ್ನೂ ನಾನು ನಡಾವಳಿ ಪುಸ್ತಕದಲ್ಲಿ ಬರೆದೆ.

ಮಧ್ಯಾಹ್ನವೇ ನಿರ್ಣಯದ ಪ್ರತಿ ಹಿಡಿದು ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಹುಡುಗ ಎದ್ದು ನಿಂತು ಇಬ್ಬರಿಗೂ ಕುರ್ಚಿ ತೋರಿಸಿದ. ಈ ವಾರ ಸಂಬಳ.

ಸೆಪ್ಟೆಂಬರ್ 7, ಶನಿವಾರ

ಗಣೇಶನ ಹಬ್ಬ. ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ. ಬೀದಿಯ ತುದಿಯ ಪೆಂಡಾಲಿನಲ್ಲಿ ಬೆಳಿಗ್ಗೆಯಿಂದ ಹಾಡು. ಪುಟ್ಟೇನಹಳ್ಳಿಯಿಂದ ಫೋನ್ ಬರುತ್ತದೇನೋ ಎಂದು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡಿದ್ದೆ. ಬರಲಿಲ್ಲ. ಕೃಷ್ಣಮ್ಮನವರು ಪ್ರತಿ ವರ್ಷ ಕಡುಬು ಕಳಿಸುತ್ತಿದ್ದರು. ಈ ವರ್ಷ ಕಳಿಸಬಹುದೋ ಬಾರದೋ ಎಂದು ಅವರಿಗೆ ತಿಳಿಯಲಿಲ್ಲವೇನೋ.

ಶೆಡ್ಡಿಗೂ ರಜಾ.

ಯಜಮಾನರ ಹಳೆಯ ಫೋಟೋಗಳನ್ನು ತೆಗೆದು ನೋಡುತ್ತಾ ಕೂತೆ. ಪಾಸ್‌ಪೋರ್ಟಿಗೆಂದು ತೆಗೆಸಿದ್ದು ಒಂದು ತುಂಬ ಚೆನ್ನಾಗಿದೆ. ಅದನ್ನು ನೋಡುತ್ತಾ ಒಂದು ಯೋಚನೆ ಬಂದಿದೆ.

ಸೆಪ್ಟೆಂಬರ್ 12, ಗುರುವಾರ

ನನ್ನ ಪ್ರಸ್ತಾವ ಏನಿತ್ತು? ಗ್ಯಾಸ್ಕೆಟ್ ಪ್ಯಾಕೆಟ್ಟಿನ ಮೇಲೆ ಅವರ ಫೋಟೋ ಹಾಕಿಸೋಣ ಎಂದು. ಅಷ್ಟೇ. ಚಿಕ್ಕದಾಗಿ, ಮೂಲೆಯಲ್ಲಿ. ಪ್ರಿಂಟಿಂಗ್‌ನವನ ಹತ್ತಿರ ಮಾದರಿಯನ್ನೂ ಮಾಡಿಸಿಕೊಂಡು ಹೋಗಿದ್ದೆ.

ಫಖ್ರುನ್ನೀಸಾ ಅದನ್ನು ಕೈಯಲ್ಲಿ ಹಿಡಿದು ನೋಡಿದರು. "ನಾನು ಒಪ್ಪಲ್ಲ," ಎಂದರು.

"ಯಾಕೆ?"

"ಪ್ಯಾಕೆಟ್ಟನ್ನ ಜನ ಏನ್ ಮಾಡ್ತಾರೆ ಮೇಡಂ? ಹರೀತಾರೆ, ಗ್ಯಾಸ್ಕೆಟ್ ತಗೋತಾರೆ, ಕಸಕ್ಕೆ ಬಿಸಾಕ್ತಾರೆ. ಸಾರ್ ಮುಖಾನ ಕಸದಲ್ಲಿ ನೋಡೋಕೆ ನನ್ನಿಂದಾಗಲ್ಲ."

"ಅವರು ನನ್ನ ಗಂಡ."

"ಹೌದು. ಆದ್ರೂ ಒಪ್ಪಲ್ಲ."

ಪರ ಒಂದು, ವಿರೋಧ ಒಂದು. ಮತ ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ಮತವಿದೆ. ಅದನ್ನು ನಾವಿಬ್ಬರೂ ಸೇರಿಯೇ ಓದಿದ್ದೆವು. ಅವರಿಗೂ ನೆನಪಿತ್ತು. "ಹಾಕಿ ಮೇಡಂ, ನಿಮಗೆ ಹಕ್ಕಿದೆ," ಎಂದರು, ಸಿಟ್ಟಿಲ್ಲದೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಾಳೆ ಮುಂದುವರಿಸೋಣ ಎಂದು ಎದ್ದು ಬಂದೆ. ಟೀ ಕೂಡ ಕುಡಿಯಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಬೆಳಿಗ್ಗೆ ಗಾಡಿಗೆ ಕಸ ಕೊಡುವಾಗ ಮೇಲೆಯೇ ಒಂದು ಊದುಬತ್ತಿ ಪ್ಯಾಕೆಟ್ ಇತ್ತು. ಅದರ ಮೇಲೆ ಯಾರೋ ಹಿರಿಯರ ಮುಖ, ಕಂಪನಿ ಕಟ್ಟಿದವರಿರಬೇಕು. ಆ ಮುಖದ ಮೇಲೆ ನಿನ್ನೆಯ ಕಾಫಿ ಚರಟ.

ಇನ್ನೊಂದು ಮತ ಹಾಕಲಿಲ್ಲ. ಪ್ರಸ್ತಾವ ಬಿದ್ದುಹೋಯಿತು ಎಂದು ನಡಾವಳಿಯಲ್ಲಿ ಬರೆದೆ.

ನಿನ್ನೆ ಬಸ್ಸಿನಲ್ಲಿ ಇಡೀ ದಾರಿ ಮನಸ್ಸಿನಲ್ಲೇ ಫಖ್ರುನ್ನೀಸಾ ಅವರಿಗೆ ಉತ್ತರ ಕೊಡುತ್ತಾ ಬಂದಿದ್ದೆ. ಮನೆಗೆ ಬಂದು ಅಡುಗೆ ಮಾಡುತ್ತಲೂ ಕೊಟ್ಟೆ, ಒಂದೆರಡು ಮಾತು ಗಟ್ಟಿಯಾಗಿಯೇ ಬಂತು. ಊಟ ಚೆನ್ನಾಗಿ ಸೇರಿತು. ಮಲಗಿದ ಕೂಡಲೇ ನಿದ್ದೆ ಬಂತು. ಹವೆ ತಂಪಾಗಿತ್ತಲ್ಲ, ಅದಕ್ಕಿರಬೇಕು.

ಸೆಪ್ಟೆಂಬರ್ 30, ಸೋಮವಾರ

ಬರೆಯಲು ಬಿಡುವೇ ಆಗಿರಲಿಲ್ಲ. ಇವತ್ತು ಕಂಪನಿಯ ವಾರ್ಷಿಕ ಸಭೆ. ಷೇರುದಾರರೆಲ್ಲ ಸೇರಬೇಕಾದ ಸಭೆ. ಎಲ್ಲರೂ ಎಂದರೆ ನಾವಿಬ್ಬರು. ಶುಭಾ ಕಾಗದ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಪ್ರೆಸ್ ನಿಲ್ಲಿಸಿರಲಿಲ್ಲ.

ಮೊದಲ ವಿಷಯ ಸಂತಾಪ ನಿರ್ಣಯ. ಶುಭಾ ಬರೆದುಕೊಂಡು ಬಂದಿದ್ದನ್ನು ಓದಿದಳು. ಕಂಪನಿಯ ನಿರ್ದೇಶಕರಾಗಿದ್ದ ಶ್ರೀ ಜಯಸಿಂಹ ಅವರ ನಿಧನಕ್ಕೆ ಸಭೆಯು ವಿಷಾದ ವ್ಯಕ್ತಪಡಿಸುತ್ತದೆ ಹಾಗೂ ಅವರ ಅಮೂಲ್ಯ ಸೇವೆಯನ್ನು ಸ್ಮರಿಸುತ್ತದೆ.

"ಇಷ್ಟೇನಾ?" ಎಂದರು ಫಖ್ರುನ್ನೀಸಾ. "ಇದನ್ನ ಯಾರಿಗ್ ಬೇಕಾದ್ರೂ ಬರೀಬಹುದು. ನಾನು ಒಪ್ಪಲ್ಲ."

"ಸಾಮಾನ್ಯವಾಗಿ ಹೀಗೇ ಬರೆಯೋದು," ಎಂದಳು ಶುಭಾ.

"ಒಂದು ಮಾತು ಸೇರಿಸಿ. ಇಷ್ಟು ಸದ್ದಿನಲ್ಲೂ ಅವರು ಯಾರನ್ನೂ ದೂರದಿಂದ ಕೂಗ್ಲಿಲ್ಲ. ಏನೇ ಹೇಳೋದಿದ್ರೂ ಹತ್ರ ಬಂದು ಹೇಳ್ತಿದ್ರು. ಬೈಯೋದಿದ್ರೂ."

ನನಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಸ್ನಾನದ ಮನೆಯಿಂದ ಟವೆಲ್ಲಿಗೆ ಕೂಗಿದರೆ ಬೀದಿಗೆ ಕೇಳುತ್ತಿತ್ತು. "ಮನೇಲಿ ಕೂಗ್ತಿದ್ರು," ಎಂದೆ.

"ಹೌದಾ?" ಎಂದು ಫಖ್ರುನ್ನೀಸಾ ಕಣ್ಣರಳಿಸಿ ನಕ್ಕರು. "ಅದನ್ನೂ ಬರೀರಿ."

"ಅದನ್ನ ಬರೆಯೋಕಾಗಲ್ಲ ಮೇಡಂ," ಎಂದಳು ಶುಭಾ. ಆದರೆ ಮೊದಲನೆಯದನ್ನು ಸೇರಿಸಿ ಮತ್ತೊಮ್ಮೆ ಓದಿದಳು. ಒಪ್ಪುವವರು ಕೈ ಎತ್ತಬೇಕು ಎಂದಳು.

ಫಖ್ರುನ್ನೀಸಾ ಕೈ ಎತ್ತಿದರು. ನನ್ನ ಕೈ ಮೇಜಿನ ಮೇಲೆಯೇ ಇತ್ತು. ಸುಟ್ಟು ಬಂದಾಗಲೂ, ಕಾರ್ಯ ಮುಗಿದಾಗಲೂ, ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟಾಗಲೂ ಒಪ್ಪಿಗೆಯೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಇವತ್ತು ಕೇಳುತ್ತಿದ್ದರು. ಶುಭಾ ಕಾಗದ ನೋಡುತ್ತಾ ಕೂತಳು. ಫಖ್ರುನ್ನೀಸಾ ಕೈ ಇಳಿಸದೆ, ನನ್ನ ಕಡೆ ನೋಡದೆ, ಸುಮ್ಮನೆ ಕಾದರು. ತೋಳು ನೋಯುತ್ತಿತ್ತೇನೋ, ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡರು.

ನಾನೂ ಎತ್ತಿದೆ.

ನಡಾವಳಿ ಬರೆಯುವುದು ನನ್ನ ಕೆಲಸ. ಬರೆದೆ. ಪರ ಇಬ್ಬರು, ವಿರೋಧ ಯಾರೂ ಇಲ್ಲ. ಅವರು ಇನ್ನಿಲ್ಲ ಎಂಬುದು ಸರ್ವಾನುಮತದಿಂದ ಅಂಗೀಕಾರವಾಯಿತು.

ಉಳಿದ ವಿಷಯ ಮುಗಿಸಿ, ಟೀ ಕುಡಿದು, ಅಲ್ಲೇ ಬೋರ್ಡ್ ಮೀಟಿಂಗ್ ಶುರು ಮಾಡಿದೆವು. ಕೆಟ್ಟು ನಿಂತಿರುವ ಪ್ರೆಸ್ಸನ್ನು ರಿಪೇರಿ ಮಾಡಿಸಬೇಕು ಎಂದು ಫಖ್ರುನ್ನೀಸಾ ಪ್ರಸ್ತಾವ ತಂದಿದ್ದಾರೆ. ಅದನ್ನು ಮಾರಿ ಬೇರೆ ತರಬೇಕು ಎನ್ನುವುದು ನನ್ನ ವಾದ. ಕತ್ತಲಾಗುವವರೆಗೆ ಮಾತಾಡಿದರೂ ಮುಗಿಯಲಿಲ್ಲ. ನಾಳೆ ಬೆಳಿಗ್ಗೆ ಬೇಗ ಹೋಗಬೇಕು, ಅವರಿಗಿಂತ ಮೊದಲು ನಜೀರನ ಹತ್ತಿರ ಮಾತಾಡಬೇಕು.